ಮಗ್ಗ ಬೇಡ, ಮಗ್ಗಿ ಬೇಕು

ತಲೆ ದುಂಡಗಿದೆ, ಬಟ್ಟೆ ಚಪ್ಪಟೆ. ತಲೆಗೆ ಏನನ್ನಾದರೂ ತೊಡಿಸಲು ಹೊರಟವರಿಗೆಲ್ಲ ಮೊದಲು ಎದುರಾಗುವ ತಕರಾರು ಇದೇ. ಮಗ್ಗದಿಂದ ಇಳಿಯುವ ಬಟ್ಟೆಗೆ ಉದ್ದ ಗೊತ್ತು, ಅಗಲ ಗೊತ್ತು, ಉಬ್ಬು ಮಾತ್ರ ಗೊತ್ತಿಲ್ಲ. ನಮ್ಮ ಕಡೆಯವರು ಇದನ್ನು ತಮ್ಮ ತಮ್ಮ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಬಯಲುಸೀಮೆಯ ರೈತ ಮಾರುಗಟ್ಟಲೆ ಉದ್ದದ ರುಮಾಲನ್ನು ಸುತ್ತಿ ಸುತ್ತಿ, ಚಪ್ಪಟೆ ಬಟ್ಟೆ ದುಂಡಗಾಗುವವರೆಗೂ ಬಿಡುವುದಿಲ್ಲ. ಮಲೆನಾಡಿನವನು ಮಳೆಗಾಲದಲ್ಲಿ ಕಂಬಳಿಯ ಮೂಲೆಯನ್ನು ಒಳಕ್ಕೆ ಮಡಿಸಿ ಕೊಪ್ಪೆ ಮಾಡಿ, ತಲೆಗೇರಿಸಿಕೊಂಡು ಗದ್ದೆಗೆ ಇಳಿಯುತ್ತಾನೆ. ಗಾಂಧಿ ಟೋಪಿಗೂ ಕೂಸಿನ ಕುಲಾವಿಗೂ ಕತ್ತರಿ, ಸೂಜಿ ಎರಡೂ ಬೇಕು: ತುಂಡು ಮಾಡಬೇಕು, ಜೋಡಿಸಬೇಕು, ಜೋಡಿಸಿದ ಹೊಲಿಗೆ ಎಳೆಯ ನೆತ್ತಿಗೆ ಒತ್ತದಂತೆ ಒಳಗೊಂದು ಲೈನಿಂಗ್ ಕೊಡಬೇಕು. ಸುತ್ತಿದರೂ ಮಡಿಸಿದರೂ ಹೊಲಿದರೂ ಬಟ್ಟೆ ಮೊದಲು, ಆಕಾರ ಆಮೇಲೆ.

ಹೆಣಿಗೆಗೆ ಈ ತಕರಾರೇ ಇಲ್ಲ. ಒಂದೇ ಒಂದು ದಾರ, ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಬಟ್ಟೆ ಹುಟ್ಟುವಾಗಲೇ ಆಕಾರವೂ ಹುಟ್ಟುತ್ತದೆ. ಕುಣಿಕೆ ಹೆಚ್ಚಿಸಿದಲ್ಲಿ ಹಿಗ್ಗುತ್ತದೆ, ತಗ್ಗಿಸಿದಲ್ಲಿ ಕುಗ್ಗುತ್ತದೆ, ಕತ್ತರಿಗೆ ಕೆಲಸವೇ ಇಲ್ಲ. ಇಷ್ಟೆಲ್ಲ ಬಲ್ಲ ವಿದ್ಯೆಯನ್ನು ಹೊಸಬರಿಗೆ ಕಲಿಸುವುದು ಹೇಗೆ? ಕೈಗೆ ಎರಡು ಕಡ್ಡಿ ಕೊಟ್ಟು, ಮೂವತ್ತು ನಲವತ್ತು ಕುಣಿಕೆ ಹಾಕಿಸಿ, ‘ಒಂದು ಮಫ್ಲರ್ ಮಾಡಿ’ ಎನ್ನುತ್ತಾರೆ. ಆ ತುದಿಗೆ ಹೋಗು, ತಿರುಗು, ಈ ತುದಿಗೆ ಬಾ. ಮಫ್ಲರ್ ಎಂದರೆ ಉದ್ದ ಅಗಲಗಳಷ್ಟೇ ಇರುವ ಚಪ್ಪಟೆ ಪಟ್ಟಿ. ಮಗ್ಗ ಅದನ್ನು ಹೆಣಿಗೆಗಿಂತ ಬೇಗ ಮಾಡುತ್ತದೆ, ಚೆನ್ನಾಗಿಯೂ ಮಾಡುತ್ತದೆ. ಹಾಡುಗಾರನನ್ನು ಕರೆಸಿ ಊರಿಗೆಲ್ಲ ಡಂಗುರ ಸಾರಿಸಿದ ಹಾಗಾಯಿತು ಇದು. ನನ್ನ ವಾದ ಏನೆಂದರೆ, ಸೀದಾ ಕುಣಿಕೆಯೊಂದು ಕೈಗೆ ಹತ್ತಿದ ಮೇಲೆ ಕಲಿಯುವವರು ಮಫ್ಲರನ್ನು ಬದಿಗಿಟ್ಟು ನೇರವಾಗಿ, ಎಲ್ಲೂ ತಿರುಗದೆ ಸುತ್ತುತ್ತಲೇ ಹೋಗುವ ದುಂಡು ಹೆಣಿಗೆಗೆ, ಅದರಲ್ಲೂ ಲೇಸ್ ಟೋಪಿಗೆ ಬರಬೇಕು. ಹೆಣಿಗೆಯ ಇಡೀ ವ್ಯಾಕರಣ ಅಂಗೈಯಗಲದ ವಸ್ತುವಿನಲ್ಲಿ ಅಡಗಿರುವುದು ಅಲ್ಲಿಯೇ. ಲೇಸ್ ಎಂದರೆ ನುರಿತವರ ಪಾಲಿನದು, ಟೋಪಿ ಎಂದರೆ ಎರಡನೇ ವರ್ಷದ ಪಾಠ ಎಂದು ನಂಬಿರುವವರಿಗೆ ಇದು ಉದ್ಧಟತನ ಅನಿಸಬಹುದು. ಅವರ ಆಕ್ಷೇಪಗಳಿಗೆ ಆಮೇಲೆ ಬರುತ್ತೇನೆ.

ಚರಿತ್ರೆ ನನ್ನ ಪರವಾಗಿದೆ. ಉಳಿದು ಬಂದಿರುವ ಅತ್ಯಂತ ಹಳೆಯ ಹೆಣಿಗೆಗಳ ಸಾಲಿನಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಮಧ್ಯಯುಗದ ನೀಲಿ ಬಿಳಿ ಹತ್ತಿಯ ಕಾಲುಚೀಲಗಳಿವೆ. ಅವೆಲ್ಲ ದುಂಡಗೆ ಹೆಣೆದವು. ಸುಮಾರು 1400ರ ಹೊತ್ತಿಗೆ ಮಾಸ್ಟರ್ ಬರ್ಟ್ರಾಮ್ ಎಂಬ ಜರ್ಮನ್ ಚಿತ್ರಕಾರ ಬುಕ್ಸ್‌ಟೆಹುಡೆ ಊರಿನ ಇಗರ್ಜಿಗೆ ಬರೆದ ಚಿತ್ರಗಳಲ್ಲಿ ಒಂದು ಈಗ ಹ್ಯಾಂಬರ್ಗ್‌ನಲ್ಲಿದೆ. ಅದರಲ್ಲಿ ಮರಿಯಮ್ಮ ಮಗನಿಗಾಗಿ ಅಂಗಿ ಹೆಣೆಯುತ್ತಾ ಕೂತಿದ್ದಾಳೆ. ಎರಡು ಕಡ್ಡಿ ಇಟ್ಟುಕೊಂಡು ಹೋಗಿ ಬರುತ್ತಿಲ್ಲ. ಹಲವು ಕಡ್ಡಿಗಳನ್ನು ಅಂಗಿಯ ಕತ್ತಿನ ಸುತ್ತ ಬಳಸಿ ದುಂಡಗೆ ಹೆಣೆಯುತ್ತಿದ್ದಾಳೆ. ಯೇಸುವಿನ ಮೈಮೇಲೆ ಹೊಲಿಗೆಯೇ ಇಲ್ಲದ ಅಂಗಿಯಿತ್ತೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಹೊಲಿಗೆಯಿಲ್ಲದ ಅಂಗಿ ಎಂದ ಕೂಡಲೇ ಚಿತ್ರಕಾರನಿಗೆ ದುಂಡು ಹೆಣಿಗೆ ಹೊಳೆದಿರುವುದು ಸಹಜ. ನಾವು ಇಂದು ಮೊದಲ ದಿನವೇ ಕಲಿಸುವ ಉಲ್ಟಾ ಕುಣಿಕೆ, ಅಂದರೆ ಸೀದಾ ಕುಣಿಕೆಯನ್ನೇ ಬಟ್ಟೆಯ ಹಿಂಬದಿಯಿಂದ ಹಾಕುವುದು, ಕಣ್ಣಿಗೆ ಬೀಳುವುದು ಬಹಳ ತಡವಾಗಿ. ಅದರ ಹಳೆಯ ಸಾಕ್ಷಿಗಳಲ್ಲಿ ಒಂದು, 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಎಲಿಯೊನೊರಾ ದಿ ಟೊಲೆಡೊಳ ಸಮಾಧಿಯಲ್ಲಿ ಸಿಕ್ಕ ರೇಷ್ಮೆಯ ಕಾಲುಚೀಲ. ಅದಕ್ಕೂ ಮುಂಚಿನವರಿಗೆ ಉಲ್ಟಾದ ಹಂಗು ಅಷ್ಟಾಗಿ ಇರಲಿಲ್ಲ. ದುಂಡಗೆ ಹೆಣೆಯುವವರಿಗೆ ಸದಾ ಬಟ್ಟೆಯ ಮುಖವೇ ಎದುರಿಗಿರುತ್ತದೆ. 1589ರಲ್ಲಿ ವಿಲಿಯಂ ಲೀ ಇಂಗ್ಲೆಂಡಿನಲ್ಲಿ ಮೊದಲ ಹೆಣಿಗೆ ಯಂತ್ರ ಮಾಡಿದಾಗ ಆ ಯಂತ್ರಕ್ಕೆ ಚಪ್ಪಟೆ ತುಂಡು ಹೆಣೆಯುವುದಷ್ಟೇ ಬಂತು, ಕಾಲುಚೀಲವನ್ನು ಆಮೇಲೆ ಹೊಲಿದು ಮುಚ್ಚಬೇಕಾಯಿತು. ಚಪ್ಪಟೆ ಹೆಣೆದು ಹೊಲಿಯುವುದು ಯಂತ್ರದ ಬಡತನ. ಕೈಗೆ ಆ ಬಡತನ ಇಲ್ಲದಿರುವಾಗ ಅದನ್ನು ಮೊದಲ ಪಾಠ ಮಾಡಿಟ್ಟುಕೊಂಡಿರುವುದು ವಿಚಿತ್ರ.

ಟೋಪಿಯ ವಿಷಯದಲ್ಲಂತೂ ಇಂಗ್ಲೆಂಡಿನ ಸರ್ಕಾರ ಪ್ರಜೆಗಳಿಗೆ ಅಕ್ಷರಶಃ ಟೋಪಿ ಹಾಕಿದ ಪ್ರಸಂಗವೇ ಇದೆ. 1571ರ ಕಾನೂನಿನ ಪ್ರಕಾರ ಆರು ವರ್ಷ ದಾಟಿದವರೆಲ್ಲ, ಕುಲೀನರು ಮುಂತಾದ ಕೆಲವರನ್ನು ಬಿಟ್ಟು, ಭಾನುವಾರಗಳಂದೂ ಹಬ್ಬಗಳಂದೂ ಆ ದೇಶದಲ್ಲೇ ತಯಾರಾದ ಉಣ್ಣೆಯ ಹೆಣೆದ ಟೋಪಿ ಹಾಕಲೇಬೇಕು. ತಪ್ಪಿದರೆ ದಿನಕ್ಕೆ 3 ಶಿಲಿಂಗ್ 4 ಪೆನ್ಸ್ ದಂಡ. ಹೆಲ್ಮೆಟ್ ಕಡ್ಡಾಯಕ್ಕೆ ಗೊಣಗುವ ನಮ್ಮಂತೆಯೇ ಅವರೂ ಗೊಣಗಿರಬೇಕು. 1597ರಲ್ಲಿ ಕಾನೂನು ರದ್ದಾಯಿತು. ಆ ಕಾಲದ ಟೋಪಿಗಳನ್ನು ದೊಡ್ಡದಾಗಿ ದುಂಡಗೆ ಹೆಣೆದು, ನೀರಿನಲ್ಲಿ ತುಳಿದು ಕುಗ್ಗಿಸಿ ಗಟ್ಟಿ ಮಾಡುತ್ತಿದ್ದರು. ಮನ್ಮತ್ ಟೋಪಿ ಎಂದು ಹೆಸರಾದದ್ದು ಅಂಥದೇ, ನಾವಿಕರೂ ಸೈನಿಕರೂ ಹಾಕುತ್ತಿದ್ದ ಹೊಲಿಗೆಯಿಲ್ಲದ ಟೋಪಿ. ಅದನ್ನು ಹೆಣೆದವರು ವಿದ್ವಾಂಸರೇನೂ ಆಗಿರಲಿಲ್ಲ, ಹೊಟ್ಟೆಪಾಡಿಗೆ ಹೆಣೆಯುತ್ತಿದ್ದ ಸಾಮಾನ್ಯರು. (ಹೆಣಿಗೆಯ ಚರಿತ್ರೆಯನ್ನು ಕೂತು ಬರೆದವರು ಮಾತ್ರ ವಿದ್ವಾಂಸರೇ: 1987ರಲ್ಲಿ ಆ ದೊಡ್ಡ ಪುಸ್ತಕ ಪ್ರಕಟಿಸಿದ ರಿಚರ್ಡ್ ರಟ್ ಆಗ ಲೆಸ್ಟರ್‌ನ ಬಿಷಪ್, ಅದಕ್ಕೂ ಮುಂಚೆ ಕೊರಿಯಾದಲ್ಲಿದ್ದು ಅಲ್ಲಿನ ಕವಿತೆಗಳನ್ನು ಅನುವಾದಿಸಿದವರು. ಹೆಣಿಗೆ ಹೆಂಗಸರ ಬಿಡುವಿನ ಕೆಲಸ ಎನ್ನುವವರು ಗಮನಿಸಲಿ.)

ಇನ್ನು ಲೇಸ್. ಲೇಸ್ ಎಂದರೆ ತೂತು. ಎಲ್ಲರ ಮನೆ ದೋಸೆಯೂ ತೂತೇ ಎಂದು ಸಮಾಧಾನ ಮಾಡಿಕೊಳ್ಳುವ ನಾವು ಒಂದು ವ್ಯತ್ಯಾಸ ಗಮನಿಸಬೇಕು: ದೋಸೆಯ ತೂತು ತಾನಾಗಿ ಬೀಳುತ್ತದೆ, ಲೇಸಿನ ತೂತಿಗೆ ಲೆಕ್ಕ ಇದೆ. ಕಡ್ಡಿಯ ಮೇಲೆ ದಾರವನ್ನು ಒಂದು ಸಲ ಸುಮ್ಮನೆ ಬಳಸಿಕೊಂಡು ಮುಂದಿನ ಕುಣಿಕೆಗೆ ಹೋದರೆ, ಮುಂದಿನ ಸುತ್ತಿನಲ್ಲಿ ಆ ಬಳಸು ಒಂದು ಹೊಸ ಕುಣಿಕೆಯಾಗುತ್ತದೆ, ಅದರ ಕೆಳಗೆ ಬೆರಳ ತುದಿಯಷ್ಟು ಕಿಂಡಿ ತೆರೆಯುತ್ತದೆ. ಯಾರ್ನ್ ಓವರ್ ಎನ್ನುವುದು ಇದನ್ನೇ. ಕಿಂಡಿಯೇನೋ ಬಂತು, ಜೊತೆಗೆ ಒಂದು ಕುಣಿಕೆ ಹೆಚ್ಚಾಯಿತು. ಹೀಗೇ ಬಿಟ್ಟರೆ ಬಟ್ಟೆ ಹಿಗ್ಗಿ ನೆರಿಗೆ ಬೀಳುತ್ತದೆ. ಆದ್ದರಿಂದ ಪಕ್ಕದಲ್ಲೇ ಎಲ್ಲಾದರೂ ಎರಡು ಕುಣಿಕೆಗಳನ್ನು ಒಟ್ಟಿಗೆ ಹಿಡಿದು ಒಂದಾಗಿ ಹೆಣೆಯಬೇಕು. ಜಮೆಗೆ ಒಂದು ಖರ್ಚು, ಕಿಂಡಿಗೆ ಒಂದು ಜೋಡಿ. ಎರಡನ್ನು ಒಂದು ಮಾಡಿದ ಕುಣಿಕೆ ಎಡಕ್ಕೆ ವಾಲಬಹುದು ಇಲ್ಲವೇ ಬಲಕ್ಕೆ ವಾಲಬಹುದು. ಕಿಂಡಿಯ ಹತ್ತಿರವೇ ಇರಬಹುದು, ನಾಲ್ಕು ಕುಣಿಕೆ ದೂರದಲ್ಲೂ ಇರಬಹುದು. ಎಲೆ, ಅಲೆ, ಜಾಲರಿ, ಗರಿ ಎಂದು ನೂರು ಹೆಸರಿನಲ್ಲಿ ಓಡಾಡುವ ಲೇಸ್ ಮಾದರಿಗಳ ಒಳಗೆಲ್ಲ ಇರುವುದು ಈ ಎರಡೇ ಚಲನೆ, ಅವುಗಳ ಜಾಗದ ಬದಲಾವಣೆ. ಟೋಪಿಯ ಆಕಾರಕ್ಕೆ ಬೇಕಾದದ್ದೂ ಇವೇ ಎರಡು, ಹೆಚ್ಚಿಸುವುದು ಮತ್ತು ತಗ್ಗಿಸುವುದು. ಅಂದರೆ ಲೇಸಿನಲ್ಲಿ ಅಲಂಕಾರ ಕಲಿತವರು ಗೊತ್ತಿಲ್ಲದೆಯೇ ಆಕಾರವನ್ನೂ ಕಲಿತಿರುತ್ತಾರೆ. ಇದು ಕಣ್ಣಿಗೆ ಕಟ್ಟುವ ಜಾಗ ಟೋಪಿಯ ನೆತ್ತಿ.

ಒಂದು ಟೋಪಿಯ ಲೆಕ್ಕ ಬಿಡಿಸಿ ನೋಡೋಣ. ದೊಡ್ಡವರ ತಲೆಯ ಸುತ್ತಳತೆ 56 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹೆಣಿಗೆ ಹಿಗ್ಗುತ್ತದೆ, ಹಾಗಾಗಿ ಟೋಪಿ ತಲೆಗಿಂತ ಚಿಕ್ಕದಿದ್ದರೆ ಮಾತ್ರ ಹಿಡಿದು ಕೂರುತ್ತದೆ. 50 ಸೆಂಟಿಮೀಟರ್ ಸಾಕು. ಮಧ್ಯಮ ದಪ್ಪದ ದಾರ, 4 ಮಿಲಿಮೀಟರ್ ಕಡ್ಡಿ, ಹತ್ತು ಸೆಂಟಿಮೀಟರಿಗೆ 22 ಕುಣಿಕೆ, 30 ಸುತ್ತು ಎಂದಾದರೆ 50 ಸೆಂಟಿಮೀಟರಿಗೆ 110 ಕುಣಿಕೆ. ಆರಿಸಿದ ಲೇಸ್ ಮಾದರಿ ಎಂಟೆಂಟು ಕುಣಿಕೆಗೊಮ್ಮೆ ಮರುಕಳಿಸುವಂಥದ್ದು. 110 ಎಂಟರಿಂದ ಭಾಗವಾಗುವುದಿಲ್ಲ. ಎರಡು ಕುಣಿಕೆ ಸೇರಿಸಿ 112 ಮಾಡಿದರೆ ಹದಿನಾಲ್ಕೆಂಟ್ಲಿ ಸರಿಹೋಗುತ್ತದೆ, ಟೋಪಿ ದೊಡ್ಡದಾಗುವುದು ಒಂದು ಸೆಂಟಿಮೀಟರಿಗೂ ಕಡಿಮೆ. ಮಫ್ಲರಿನಲ್ಲಿ ಭಾಗಾಕಾರ ಕೂಡದಿದ್ದರೆ ಉಳಿದ ಎರಡು ಕುಣಿಕೆಯನ್ನು ಅಂಚಿಗೆ ತಳ್ಳಿ ಕೈತೊಳೆದುಕೊಳ್ಳಬಹುದು. ಟೋಪಿಗೆ ಅಂಚಿಲ್ಲ, ತಳ್ಳಲು ಜಾಗವಿಲ್ಲ. ಕೊನೆಯ ಕುಣಿಕೆಯ ಪಕ್ಕದ ಮನೆಯೇ ಮೊದಲ ಕುಣಿಕೆ. ಲೆಕ್ಕ ಶೇಷವಿಲ್ಲದೆ ಮುಗಿಯಲೇಬೇಕು. ಮಗ್ಗವಿಲ್ಲದೆ ಬಟ್ಟೆ ಮಾಡುವವರಿಗೆ ಮಗ್ಗಿ ಬೇಕೇ ಬೇಕು ಎನ್ನುವುದು ಇದಕ್ಕೇ.

ಕಿವಿಯ ಮೇಲೆ ಬರುವ ಪಟ್ಟಿ ನಾಲ್ಕು ಸೆಂಟಿಮೀಟರ್, ಲೇಸಿನ ಗೋಡೆ ಒಂಬತ್ತು ಸೆಂಟಿಮೀಟರ್. ಅಲ್ಲಿಂದ ನೆತ್ತಿ ಶುರು. ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ, ಕಲಿತದ್ದರಲ್ಲಿ ಒಂದನ್ನು ಬಿಡಬೇಕು. ಹದಿನಾಲ್ಕು ಭಾಗಗಳಲ್ಲೂ ಜೋಡಿಸುವುದನ್ನು ಹಾಗೇ ಮುಂದುವರಿಸಿ, ಬಳಸುವುದನ್ನು ಮಾತ್ರ ಒಂದೊಂದು ಕಡೆ ಬಿಟ್ಟುಬಿಡಿ. ಖರ್ಚು ನಡೆಯುತ್ತದೆ, ಜಮೆ ನಿಲ್ಲುತ್ತದೆ. ಒಂದೇ ಸುತ್ತಿಗೆ ಹದಿನಾಲ್ಕು ಕುಣಿಕೆ ಕಡಿಮೆ. 112 ಇದ್ದದ್ದು 98, ನಾಲ್ಕು ಸುತ್ತು ಕಳೆದು 84, ಮತ್ತೆ 70, 56, 42, 28, 14. ಹದಿನಾಲ್ಕರ ಮಗ್ಗಿಯನ್ನು ತಲೆಕೆಳಗಾಗಿ ಒಪ್ಪಿಸುವುದು ಅಷ್ಟೇ. ಎಷ್ಟು ಸುತ್ತಿಗೊಮ್ಮೆ ತಗ್ಗಿಸಬೇಕು ಎಂಬುದರಲ್ಲಿ ಒಂದು ಚೆಂದವಿದೆ. ಸುತ್ತಳತೆ ಎಂದರೆ ತ್ರಿಜ್ಯದ 6.28 ಪಟ್ಟು ಎಂದು ಶಾಲೆಯಲ್ಲಿ ಓದಿ ಮರೆತಿರುತ್ತೇವೆ. ಮೂರು ಸುತ್ತಿಗೆ ಒಂದು ಸೆಂಟಿಮೀಟರ್ ಎತ್ತರ, ಅಷ್ಟಕ್ಕೆ ಸುತ್ತಳತೆ 6.28 ಸೆಂಟಿಮೀಟರ್ ಇಳಿದರೆ, ಅಂದರೆ ಹತ್ತಿರ ಹತ್ತಿರ 14 ಕುಣಿಕೆ ಇಳಿದರೆ, ನೆತ್ತಿ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಅದೇ 14 ಕುಣಿಕೆಯನ್ನು ನಾಲ್ಕು ಸುತ್ತಿಗೊಮ್ಮೆ ಇಳಿಸಿದರೆ ಗುಮ್ಮಟವಾಗುತ್ತದೆ. ಇನ್ನೂ ನಿಧಾನಿಸಿದರೆ ಸರ್ಕಸ್ಸಿನ ವಿದೂಷಕನ ಚೂಪು ಟೋಪಿ. ಮೇಲೇರುತ್ತಾ ಒಂದೊಂದು ಭಾಗವೂ ಎಂಟು ಕುಣಿಕೆಯಿಂದ ಒಂದು ಕುಣಿಕೆಗೆ ಸವೆದುಬರುತ್ತದೆ, ಕಿಂಡಿಗಳು ಒಂದೊಂದಾಗಿ ಕಣ್ಮುಚ್ಚುತ್ತವೆ, ಜೋಡಿಸಿದ ಕುಣಿಕೆಗಳು ಮಾತ್ರ ಒಂದರ ಮೇಲೊಂದು ನಿಂತು ಹದಿನಾಲ್ಕು ಗೆರೆಗಳಾಗಿ ನೆತ್ತಿಯ ಕಡೆಗೆ ಓಡುತ್ತವೆ. ಗೋಡೆಯಲ್ಲಿ ಹೂವಾಗಿದ್ದ ಜೋಡಿ ಇಲ್ಲಿ ಗುಮ್ಮಟದ ತೊಲೆ. ಕೊನೆಗೆ ಉಳಿದ 14ನ್ನು ಎರಡೆರಡಾಗಿ ಜೋಡಿಸಿದರೆ 7. ದಾರ ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ಏಳೂ ಕುಣಿಕೆಗಳೊಳಗೆ ತೂರಿಸಿ ಎಳೆದರೆ ಲಾಡಿ ಎಳೆದ ಚೀಲದ ಬಾಯಿಯಂತೆ ಟೋಪಿ ಮುಚ್ಚಿಕೊಳ್ಳುತ್ತದೆ.

ಲೇಸ್ ಹೊಸಬರಿಗೆ ಕಷ್ಟ ಎನ್ನುವ ಆಕ್ಷೇಪ ಇದೆ. ಅದನ್ನು ಹಗುರಾಗಿ ತಳ್ಳಿಹಾಕಲಾರೆ. ಲೇಸಿನಲ್ಲಿ ಕುಣಿಕೆಯೊಂದು ಕಡ್ಡಿಯಿಂದ ಜಾರಿದರೆ ಸಾದಾ ಹೆಣಿಗೆಯಲ್ಲಿ ಆದಂತೆ ನೆಟ್ಟಗೆ ಏಣಿಯಾಗಿ ಇಳಿಯುವುದಿಲ್ಲ. ಬಳಸು ಸಿಕ್ಕಿದಲ್ಲಿ ಅದನ್ನೂ ಬಿಚ್ಚಿಕೊಂಡು, ಯಾವುದು ಯಾರ ಕುಣಿಕೆ ಎಂದು ತಿಳಿಯದಂತೆ ಕಲಸಿಹೋಗುತ್ತದೆ. ಆದರೆ ಕಷ್ಟ ಯಾವುದು, ಕೈಯದೋ ಲಕ್ಷ್ಯದ್ದೋ ಎಂದು ಕೇಳಬೇಕು. ಕೈ ಮಾಡುವ ಕೆಲಸ ಎರಡೇ. ತಪ್ಪುವುದು ಲಕ್ಷ್ಯ, ಅದಕ್ಕೆ ದುಂಡು ಟೋಪಿಯಷ್ಟು ಒಳ್ಳೆಯ ಕಾವಲುಗಾರ ಇನ್ನೊಂದಿಲ್ಲ. ಎಂಟೆಂಟು ಕುಣಿಕೆಗೊಂದರಂತೆ ಹದಿನಾಲ್ಕು ಮಾರ್ಕರ್ ಉಂಗುರಗಳನ್ನು ಕಡ್ಡಿಗೆ ತೂಗಿಬಿಟ್ಟರೆ, ಒಂದು ಬಿಟ್ಟು ಒಂದು ಬರುವ ಸಾದಾ ಸುತ್ತಿನಲ್ಲಿ ಎಣಿಸುತ್ತಾ ಹೋಗಬಹುದು. ಐದನೇ ಮನೆಯಲ್ಲಿ ಏಳೇ ಇವೆಯೇ? ಹಿಂದಿನ ಸುತ್ತಿನಲ್ಲಿ ದಾರ ಬಳಸಲು ಮರೆತಿದೆ. ಎರಡು ಕುಣಿಕೆಗಳ ನಡುವೆ ಅಡ್ಡಕ್ಕಿರುವ ಎಳೆಯನ್ನು ಕಡ್ಡಿಯ ತುದಿಯಿಂದ ಎತ್ತಿಕೊಂಡರೆ ಕಿಂಡಿ ಒಂದು ಸುತ್ತು ತಡವಾಗಿ, ಅಕ್ಕಪಕ್ಕದವುಗಳಿಗಿಂತ ಒಂದಿಷ್ಟು ಕಿರಿದಾಗಿ ಹುಟ್ಟುತ್ತದೆ. ಟೋಪಿ ಹಾಕಿಕೊಂಡವರಿಗೆ ಗೊತ್ತಾಗುವುದಿಲ್ಲ, ಹೆಣೆದವರು ಬಾಯಿ ಬಿಡದಿದ್ದರೆ ಸರಿ. ಒಂಬತ್ತು ಇವೆಯೇ? ಜೋಡಿಸಲು ಮರೆತಿದೆ. ಜಾರುವ ಭಯ ಇದ್ದವರು ಹತ್ತು ಸುತ್ತಿಗೊಮ್ಮೆ ಬೇರೆ ಬಣ್ಣದ ತೆಳು ನೂಲನ್ನು ಎಲ್ಲ ಕುಣಿಕೆಗಳೊಳಗೆ ಪೋಣಿಸಿ ಬಿಡುತ್ತಾರೆ. ಏನೇ ಎಡವಟ್ಟಾಗಲಿ, ಅಲ್ಲಿಯವರೆಗೆ ಬಿಚ್ಚಿದರಾಯಿತು, ಅದರಿಂದಾಚೆಗೆ ಬಿಚ್ಚುವುದಿಲ್ಲ. ಮಫ್ಲರ್ ಇಷ್ಟು ಕರುಣೆ ತೋರುವುದಿಲ್ಲ, ಏಕೆಂದರೆ ಅದು ದೂರುವುದೇ ಇಲ್ಲ. ನಲವತ್ತು ಕುಣಿಕೆಯಿಂದ ಹೊರಟ ಹೊಸಬರ ಮಫ್ಲರ್ ಸದ್ದಿಲ್ಲದೆ ನಲವತ್ತೇಳಾಗಿ, ಗೇಣುದ್ದದ ಮೇಲೆ ಪಂಚೆಯಂತೆ ಅಗಲವಾಗಿ ಹೋಗುತ್ತದೆ. ಅದು ಗೊತ್ತಾಗುವಷ್ಟರಲ್ಲಿ ಬಿಚ್ಚಲು ಮನಸ್ಸು ಬರುವುದಿಲ್ಲ. ಕೆಲಸದ ಗಾತ್ರವನ್ನೂ ನೋಡಿ. ಮೇಲೆ ಹೇಳಿದ ಟೋಪಿಯಲ್ಲಿ ಒಟ್ಟು ಆರು ಸಾವಿರ ಕುಣಿಕೆಗೂ ಸ್ವಲ್ಪ ಕಡಿಮೆ. ಅದೇ ದಾರದಲ್ಲಿ 20 ಸೆಂಟಿಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಮಫ್ಲರ್ ಎಂದರೆ 44ರಂತೆ 450 ಸಾಲು, ಸುಮಾರು ಇಪ್ಪತ್ತು ಸಾವಿರ ಕುಣಿಕೆ. ಕಲಿಯುವ ಉತ್ಸಾಹ ಎಷ್ಟೋ ಮನೆಗಳ ಅಟ್ಟದಲ್ಲಿ ಅರ್ಧ ಮಫ್ಲರಾಗಿ ನಿಂತುಹೋಗಿದ್ದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಜಗತ್ತಿನಲ್ಲಿ ಹೆಸರಾದ ಹೆಣಿಗೆಯ ಲೇಸೆಲ್ಲ ಶಾಲುಗಳಲ್ಲೇ ಅಲ್ಲವೇ? ಸ್ಕಾಟ್‌ಲ್ಯಾಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ, ಅದರಲ್ಲೂ ಉನ್‌ಸ್ಟ್ ದ್ವೀಪದ ಹೆಂಗಸರ ಶಾಲು, ರಷ್ಯಾದ ಓರೆನ್‌ಬರ್ಗ್‌ನ ಆಡಿನ ತುಪ್ಪುಳಿನ ಶಾಲು, ಎಸ್ಟೋನಿಯಾದ ಹಾಪ್ಸಾಲು ಶಾಲು. ಉಂಗುರದೊಳಗೆ ತೂರಿ ಹೋಗುವಷ್ಟು ನಯ ಎಂದು ಹೊಗಳಿಸಿಕೊಂಡ ಈ ಶಾಲುಗಳೆಲ್ಲ ಹೋಗಿ ಬಂದು ಹೆಣೆದವು. ಒಪ್ಪಿದೆ. ಆದರೆ ಶಾಲು ಹುಟ್ಟಾ ಚಪ್ಪಟೆ ವಸ್ತು, ಅದನ್ನು ಚಪ್ಪಟೆಯಾಗಿ ಹೆಣೆಯುವುದು ನ್ಯಾಯವೇ. ಆ ಹೆಂಗಸರಿಗೆ ಅದು ಜೀವನೋಪಾಯವಾಗಿತ್ತು, ಕಲಿಕೆಯ ಹಂತ ಎಂದೋ ಮುಗಿದಿತ್ತು. ಗುರಿಯಾಗಿ ಶಾಲು ಎಷ್ಟು ದೊಡ್ಡದೋ ಗುರುವಾಗಿ ಅಷ್ಟೇ ಬಡ. ಒಂದು ತಿಂಗಳು ಕೂತು ಹೆಣೆದ ಮೇಲೂ ಅದರಲ್ಲಿ ತಗ್ಗಿಸಿ ಆಕಾರ ಕೊಡುವ ಕೆಲಸ ಕಾಣಿಸದೆ ಹೋಗಬಹುದು. ಶಾಲಿನಲ್ಲೂ ದುಂಡಿನ ಬುದ್ಧಿ ಎಲ್ಲಿಗೆ ಮುಟ್ಟಬಲ್ಲದು ಎಂದು ತೋರಿಸಿದವರು ಎಲಿಜಬೆತ್ ಜಿಮ್ಮರ್‌ಮನ್ (1910–1999). ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಆಕೆ 1971ರಲ್ಲಿ ‘ನಿಟ್ಟಿಂಗ್ ವಿದೌಟ್ ಟಿಯರ್ಸ್’ ಎಂಬ ಪುಸ್ತಕ ಬರೆದು, ದುಂಡಗೆ ಹೆಣೆಯಿರಿ, ಉಲ್ಟಾದ ಗೊಡವೆ ತಪ್ಪಿಸಿಕೊಳ್ಳಿ ಎಂದು ಒಂದು ತಲೆಮಾರಿಗೆ ಧೈರ್ಯ ಕೊಟ್ಟರು. 1974ರ ಇನ್ನೊಂದು ಪುಸ್ತಕದಲ್ಲಿ ಪೈ ಶಾಲು ಎಂಬ ದುಂಡು ಶಾಲಿನ ಸೂತ್ರ ಕೊಟ್ಟರು: ನಡುವಿನಲ್ಲಿ ಒಂಬತ್ತು ಕುಣಿಕೆಯಿಂದ ಹೊರಟು, ನಡುವಿನಿಂದ ದೂರ ಇಮ್ಮಡಿಯಾದಾಗಲೆಲ್ಲ ಕುಣಿಕೆಗಳನ್ನೂ ಇಮ್ಮಡಿ ಮಾಡುವುದು. 18, 36, 72, 144, 288, 576. ನಡುವಿನ ಸುತ್ತುಗಳಲ್ಲಿ ಹೆಚ್ಚಿಸುವ ಗೋಜೇ ಇಲ್ಲದ ಕಾರಣ ಯಾವ ಲೇಸನ್ನು ಬೇಕಾದರೂ ಕೂರಿಸಬಹುದು. ನಮ್ಮ ಟೋಪಿ ಒಳಮುಖವಾಗಿ ಮಾಡುವ ಪ್ರಯಾಣವನ್ನೇ ಆ ಶಾಲು ಹೊರಮುಖವಾಗಿ ಮಾಡುತ್ತದೆ. ಟೋಪಿ ಹೆಣೆದವರಿಗೆ ಆ ಸೂತ್ರ ಒಂದೇ ಓದಿಗೆ ಅರ್ಥವಾಗುತ್ತದೆ, ಮಫ್ಲರ್ ಹೆಣೆದವರಿಗೆ ಅದು ಮಂತ್ರ.

ಉಲ್ಟಾ ಬಾರದೆ ಹೆಣಿಗೆ ಬಂದಂತೆಯೇ ಎಂದು ಕೇಳುವವರಿಗೆ ಉತ್ತರ ಟೋಪಿಯ ಪಟ್ಟಿಯಲ್ಲೇ ಇದೆ. ಕಿವಿಯ ಮೇಲೆ ಬಿಗಿಯಾಗಿ ಕೂರಬೇಕಾದರೆ ಅಲ್ಲಿ ಎರಡು ಸೀದಾ, ಎರಡು ಉಲ್ಟಾ ಎಂದು ರಿಬ್ ಹೆಣೆಯಬೇಕು. 112 ನಾಲ್ಕರಿಂದಲೂ ಭಾಗವಾಗುತ್ತದೆ. ಹನ್ನೆರಡು ಸುತ್ತಿನಲ್ಲಿ ಉಲ್ಟಾ ಕೈಗೆ ಕೂರುತ್ತದೆ, ಬೇಸರ ಬರುವ ಮುಂಚೆ ಮುಗಿದೂ ಹೋಗುತ್ತದೆ. ಕಡ್ಡಿಗಳ ಬಗೆಗಿನ ಹೆದರಿಕೆ ನಿಜವಾದದ್ದು. ನಡುವೆ ಬಳುಕುವ ತಂತಿಯಿರುವ 40 ಸೆಂಟಿಮೀಟರಿನ ದುಂಡು ಕಡ್ಡಿಯಲ್ಲಿ ಗೋಡೆಯವರೆಗೂ ಆರಾಮ. ನೆತ್ತಿಯಲ್ಲಿ ಸುತ್ತಳತೆ ಇಳಿದ ಮೇಲೆ ಕುಣಿಕೆಗಳು ಅಷ್ಟು ದೂರ ಎಟುಕದೆ, ಎರಡೂ ತುದಿ ಚೂಪಾದ ಐದು ಗಿಡ್ಡ ಕಡ್ಡಿಗಳಿಗೆ ಬದಲಾಯಿಸಬೇಕು. ನೋಡಿದರೆ ಮುಳ್ಳುಹಂದಿಯನ್ನು ಹಿಡಿದಂತಿರುತ್ತದೆ. ಆದರೆ ಯಾವ ಕ್ಷಣದಲ್ಲೂ ಕೆಲಸ ಮಾಡುವುದು ಎರಡೇ ಕಡ್ಡಿ, ಮಿಕ್ಕವು ಕುಣಿಕೆ ಹೊತ್ತುಕೊಂಡು ಸುಮ್ಮನಿರುತ್ತವೆ. ನಿಜವಾದ ಅಪಾಯ ಇರುವುದು ಮೊಟ್ಟಮೊದಲ ಸುತ್ತಿನಲ್ಲಿ. ಹಾಕಿದ 112 ಕುಣಿಕೆಗಳು ಕಡ್ಡಿಯ ಮೇಲೆ ಒಂದೇ ಒಂದು ಸಲ ತಿರುಚಿಕೊಂಡಿದ್ದು, ಹಾಗೇ ತುದಿ ಸೇರಿಸಿಬಿಟ್ಟರೆ ಗಣಿತಜ್ಞರು ಮುದ್ದಿಸುವಂಥ ತಿರುಚು ಪಟ್ಟಿ ಸಿಗುತ್ತದೆ, ಟೋಪಿ ಸಿಗುವುದಿಲ್ಲ. ಅದಕ್ಕೆ ಮದ್ದಿಲ್ಲ, ಪೂರ್ತಿ ಬಿಚ್ಚಬೇಕು. ಆದ್ದರಿಂದ ಸೇರಿಸುವ ಮುನ್ನ ಕುಣಿಕೆಗಳ ಬುಡಗಳೆಲ್ಲ ಒಳಮುಖವಾಗಿವೆಯೇ ಎಂದು ಕಡ್ಡಿಯ ಉದ್ದಕ್ಕೂ ಬೆರಳು ಆಡಿಸಿ ನೋಡುವುದು ವಾಡಿಕೆ.

ಚಾರ್ಟ್ ಓದುವುದು ಕಷ್ಟ ಎನ್ನುವ ಮಾತನ್ನು ಕನ್ನಡದ ಹೆಂಗಸರ ಎದುರಿಗೆ ಆಡಬಾರದು. ನಡುವೆ ಹದಿನೈದು ಚುಕ್ಕಿ, ಎಂಟರವರೆಗೆ, ಸಂದು ಚುಕ್ಕಿ ಎಂದರೆ ಸಾಕು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲೇ ಇಡೀ ರಂಗೋಲಿಯನ್ನು ಬಿಡಿಸಿ ತೋರಿಸುವವರು ನಮ್ಮಲ್ಲಿ ಊರು ತುಂಬ ಇದ್ದಾರೆ. ಲೇಸಿನ ಚಾರ್ಟ್ ಇದಕ್ಕಿಂತ ಸರಳ: ಚೌಕಳಿಯ ಒಂದು ಮನೆ ಒಂದು ಕುಣಿಕೆ, ಸೊನ್ನೆ ಇದ್ದಲ್ಲಿ ದಾರ ಬಳಸು, ಓರೆ ಗೆರೆ ಇದ್ದಲ್ಲಿ ಜೋಡಿಸು, ಖಾಲಿ ಇದ್ದಲ್ಲಿ ಸೀದಾ. ಚಪ್ಪಟೆ ಹೆಣಿಗೆಯಲ್ಲಿ ಒಂದು ಸಾಲನ್ನು ಬಲದಿಂದ, ಮುಂದಿನದನ್ನು ಎಡದಿಂದ ಓದಬೇಕು, ಹಿಂಬದಿಯ ಸಾಲಿನಲ್ಲಿ ಗುರುತುಗಳ ಅರ್ಥವನ್ನೂ ಉಲ್ಟಾ ಮಾಡಿಕೊಳ್ಳಬೇಕು. ದುಂಡು ಹೆಣಿಗೆಯಲ್ಲಿ ಎಲ್ಲ ಸುತ್ತೂ ಬಲದಿಂದ ಎಡಕ್ಕೇ. ಬೀದರ್ ಕಲಬುರಗಿಯ ಉರ್ದು ಬಲ್ಲವರಿಗೆ ಇದು ತೀರ ಸಲೀಸು. ಉಳಿದವರು ಒಂದು ಸಂಜೆ ಪರದಾಡಿ ಹೊಂದಿಕೊಳ್ಳುತ್ತಾರೆ. ಚಾರ್ಟು ಹೇಳದೆ ಬಿಡುವ ತೊಡಕು ಒಂದಿದೆ. ಸುತ್ತು ಎಂದು ನಾವು ಕರೆಯುವುದು ಬಳೆಯಂತೆ ಮುಚ್ಚಿದ ವೃತ್ತ ಅಲ್ಲವೇ ಅಲ್ಲ, ಸ್ಪ್ರಿಂಗಿನಂತೆ ಏರುತ್ತಾ ಹೋಗುವ ಸುರುಳಿ. ಮೂರು ಕುಣಿಕೆಗಳನ್ನು ಒಂದು ಮಾಡುವ ಜೋಡಿ ಸುತ್ತಿನ ಮೊದಲಲ್ಲೇ ಬಂದರೆ, ಅದಕ್ಕೆ ಬೇಕಾದ ಒಂದು ಕುಣಿಕೆ ಹಿಂದಿನ ಸುತ್ತಿನ ಕೊನೆಯಲ್ಲಿರುತ್ತದೆ. ಮಾರ್ಕರನ್ನು ಒಂದು ಕುಣಿಕೆ ಆಚೆಗೆ ಸರಿಸಿ ನೆರೆಮನೆಯಿಂದ ಕಡ ತಂದುಕೊಳ್ಳಬೇಕು. ಲೇಸ್ ಟೋಪಿ ಅರ್ಧಕ್ಕೇ ನಿಂತಿದ್ದರೆ ಕಾರಣ ಬಹುಮಟ್ಟಿಗೆ ಈ ಜಾಗದಲ್ಲೇ ಸಿಗುತ್ತದೆ.

ಉಳಿದದ್ದು ಲೋಕವ್ಯವಹಾರದ ಪ್ರಶ್ನೆಗಳು. ತೂತಿನ ಟೋಪಿಯಿಂದ ಚಳಿ ಹೋದೀತೇ? ಟೊರಾಂಟೊದ ಜನವರಿಯಲ್ಲಿ ಬಸ್ಸು ಕಾಯುವ ಕನ್ನಡಿಗರಿಗೆ ಹೋಗುವುದಿಲ್ಲ, ಅವರು ಬೇರೆ ಟೋಪಿ ನೋಡಿಕೊಳ್ಳಲಿ. ಬೆಂಗಳೂರಿನ, ಮಡಿಕೇರಿಯ, ಚಿಕ್ಕಮಗಳೂರಿನ ಮಾಗಿಯ ಬೆಳಗಿಗೆ ಇದೇ ಸರಿ. ದಪ್ಪ ಟೋಪಿ ಹಾಕಿದರೆ ಒಂಬತ್ತು ಗಂಟೆಯ ಬಿಸಿಲಿಗೆ ತಲೆ ಬೆವರುತ್ತದೆ. ಚಳಿಗಾಲ ಬಂದರೆ ಟಿಬೆಟಿನವರು ರಸ್ತೆಬದಿಯಲ್ಲಿ ಕಡಿಮೆ ದುಡ್ಡಿಗೆ ಟೋಪಿ ಮಾರುತ್ತಾರಲ್ಲ, ಹೆಣೆಯುವುದು ಯಾತಕ್ಕೆ ಎಂದರೆ, ಟೋಪಿಯೊಂದೇ ಬೇಕಾದವರು ಖಂಡಿತ ಅಲ್ಲೇ ಕೊಳ್ಳಬೇಕು. ನಾನು ಮಾತಾಡುತ್ತಿರುವುದು ಹೆಣಿಗೆ ಬೇಕಾದವರ ಬಗ್ಗೆ. ದಾರದ ಬಗ್ಗೆ ಮಾತ್ರ ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವುದು ಹೆಚ್ಚಿನ ಪಾಲು ಅಕ್ರಿಲಿಕ್. ಕಡ್ಡಿಯಿಂದ ಇಳಿದಾಗ ಲೇಸ್ ಟೋಪಿ ಹಿಂಡಿಟ್ಟ ಒರೆಸುಬಟ್ಟೆಯಂತೆ ಮುದುಡಿರುತ್ತದೆ. ಉಣ್ಣೆಯದಾದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಟವೆಲಿನಲ್ಲಿ ಒತ್ತಿ, ತಲೆಯ ಗಾತ್ರದ ಪಾತ್ರೆಯ ಮೇಲೆ ಬೋರಲು ಹಾಕಿ ಎಳೆದು ಒಣಗಲು ಬಿಟ್ಟರೆ ಮಾರನೆಯ ದಿನ ಕಿಂಡಿಗಳೆಲ್ಲ ಕಣ್ತೆರೆದಿರುತ್ತವೆ, ಎಲೆ ಎಲೆಯಾಗಿ ಕಾಣುತ್ತದೆ. ಅಕ್ರಿಲಿಕ್ ನೀರಿಗೆ ಜಗ್ಗುವುದಿಲ್ಲ, ಒಣಗಿದ ಮೇಲೆ ಮತ್ತೆ ಮುದುಡುತ್ತದೆ. ನಮ್ಮದೇ ದಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಲೇಸಿಗೆ ಒರಟು, ಹಣೆಗೆ ಚುಚ್ಚುತ್ತದೆ. ಹಾಗಾಗಿ ಇಲ್ಲಿನವರು ಮೆರಿನೊ ಉಣ್ಣೆಗೆ ದುಡ್ಡು ಸುರಿಯಬೇಕು, ಇಲ್ಲವೇ ನುಣುಪಾದ ಹತ್ತಿ ದಾರಕ್ಕೆ ಹೋಗಬೇಕು. ಹತ್ತಿಗೆ ಉಣ್ಣೆಯ ಸೆಳೆತ ಇಲ್ಲ, ಪಟ್ಟಿ ಬೇಗ ಸಡಿಲಾಗುತ್ತದೆ. ಆದರೆ ಕಿಂಡಿ ಸ್ಪಷ್ಟವಾಗಿ ನಿಲ್ಲುತ್ತದೆ, ಒಗೆಯಬಹುದು, ಮೈಗೆ ಮೃದು.

ಮೈಗೆ ಮೃದು ಎಂದಾಗ ಕುಲಾವಿ ನೆನಪಾಗುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಗಾದೆ ನಗುತ್ತದೆ. ಹೊಲಿಸಿದ ಕುಲಾವಿಗೆ ಆ ನಗೆ ಸಲ್ಲಬೇಕಾದದ್ದೇ, ಕತ್ತರಿಸಿದ ಬಟ್ಟೆ ಅಳತೆ ತಪ್ಪಿದರೆ ತಪ್ಪಿತು. ಹೆಣೆದ ಕುಲಾವಿ ಹಿಗ್ಗುತ್ತದೆ. ಹುಟ್ಟಿದ ಕೂಸಿನ ತಲೆ ಸಾಮಾನ್ಯವಾಗಿ 34, 35 ಸೆಂಟಿಮೀಟರಿನ ಆಸುಪಾಸು. ಅದೇ ದಾರ, ಅದೇ ಕಡ್ಡಿ, ಅದೇ ಎಂಟರ ಲೇಸಿಗೆ 72 ಕುಣಿಕೆ ಹಾಕಿದರೆ 33 ಸೆಂಟಿಮೀಟರಿಗೆ ಹತ್ತಿರ ಬರುತ್ತದೆ, ಗಾದೆಗೆ ಹೆದರದೆ ಎಂಟನೇ ತಿಂಗಳಲ್ಲೇ ಕೂತು ಹೆಣೆಯಬಹುದು. ಕೂಸಿನ ಬೆರಳು ಸಿಕ್ಕಿಹಾಕಿಕೊಳ್ಳದಷ್ಟು ಸಣ್ಣ ಕಿಂಡಿಯ ಮಾದರಿ ಆರಿಸಿಕೊಳ್ಳಬೇಕು, ಕಟ್ಟುವ ಲಾಡಿ ಬೇಡ. ನೆತ್ತಿಯಲ್ಲಿ ಮೂರು ಸುತ್ತಿಗೊಮ್ಮೆ ಒಂಬತ್ತು ಭಾಗಗಳಿಂದಲೂ ಒಂದೊಂದು ಕಳೆಯುತ್ತಾ ಬಂದರೆ 63, 54, 45, 36, 27, 18. ಕೊನೆಗೆ ಕಡ್ಡಿಗಳ ಮೇಲೆ ಒಂಬತ್ತು ಉಳಿಯುತ್ತವೆ, ದಾರ ಪೋಣಿಸಿ ಎಳೆಯಲು.